ಅಪ್ಪ ಲೈನ್ ಮ್ಯಾಲೆ ಹೋಗ್ಯಾರ

ನಾನು ಕಲಿತ ಮೊದಲ ಇಂಗ್ಲಿಷ್ ಶಬ್ದ ಲೈನ್. ಅದು ಇಂಗ್ಲಿಷ್ ಅಂತ ಗೊತ್ತಾಗಿದ್ದು ಮಾತ್ರ ಐದನೇ ಇಯತ್ತೆಗೆ ಬಂದ ಮೇಲೆ.

ನಮ್ಮಪ್ಪ ಲೈನ್‌ಮನ್. ಈಗಿನ ಗದಗ ಜಿಲ್ಲೆಯ ಒಂದು ಸಣ್ಣ ಊರಿನ ಕ್ವಾರ್ಟರ್ಸ್‌ನಲ್ಲಿ ನಾವಿದ್ದೆವು. ರಾತ್ರಿ ಮಳೆ ಬಂದು ಕರೆಂಟ್ ಹೋದರೆ ಹತ್ತು ನಿಮಿಷದೊಳಗೆ ನಮ್ಮ ಬಾಗಿಲ ಮೇಲೆ ಯಾರದೋ ಟಾರ್ಚಿನ ಬೆಳಕು ಬೀಳುತ್ತಿತ್ತು. "ಲೈನ್‌ಮನ್‌ರು ಅದಾರೇನ್ರೀ?" ಅಂತ ಕೂಗು. ಅವ್ವ ಒಲೆಯ ಮುಂದಿನಿಂದಲೇ "ಲೈನ್ ಮ್ಯಾಲೆ ಹೋಗ್ಯಾರ್ರೀ" ಅನ್ನುತ್ತಿದ್ದಳು. ಹೊಲಕ್ಕೆ ಹೋಗುವುದು, ಸಂತೆಗೆ ಹೋಗುವುದು ಇದ್ದಂತೆ ಲೈನ್ ಮೇಲೆ ಹೋಗುವುದು. ಲೈನ್ ಅಂದರೆ ಒಂದು ಜಾಗ ಅಂದುಕೊಂಡಿದ್ದೆ ನಾನು. ಅಲ್ಲಿಗೆ ಮಳೆಯಲ್ಲೇ ಹೋಗಬೇಕು, ಬರುವಾಗ ಮೈಯೆಲ್ಲ ಒದ್ದೆಯಾಗಿರಬೇಕು, ಅಂಥ ಜಾಗ.

ಐದನೇ ಇಯತ್ತೆಯಲ್ಲಿ ನಮಗೆ ನಾಲ್ಕು ಗೆರೆಯ ಕಾಪಿ ಕೊಟ್ಟರು. ಕನ್ನಡ ಬರೆಯಲು ಎರಡು ಗೆರೆ ಸಾಕಾಗಿತ್ತು, ಇಂಗ್ಲಿಷಿಗೆ ನಾಲ್ಕು ಬೇಕಂತೆ. ಗುರುಗಳು ಬೋರ್ಡಿನ ಮೇಲೆ ಒಂದು ಗೀಟು ಹೊಡೆದು "ಇದಕ್ಕ ಲೈನ್ ಅಂತಾರ" ಅಂದರು. ನನಗೆ ಸಿಟ್ಟೇ ಬಂತು. ಲೈನ್ ಅಂದರೆ ಅದಲ್ಲ. ಲೈನ್ ಅಂದರೆ ನಮ್ಮಪ್ಪ ಹೋಗುವುದು.

ಈಗ ನಾನೇ ಇಂಗ್ಲಿಷ್ ಟೀಚರ್. ಹಳ್ಳಿಯ ಸರ್ಕಾರಿ ಹೈಸ್ಕೂಲು. ಹೋದ ವರ್ಷ ಎಂಟನೇ ತರಗತಿಯಲ್ಲಿ ಪತ್ರ ಬರೆಯುವ ಪಾಠ ನಡೆದಿತ್ತು. ಅದರಲ್ಲಿ 'ಡ್ರಾಪ್ ಮಿ ಎ ಲೈನ್' ಅಂತ ಬಂತು. ಒಂದೆರಡು ಮಾತು ಬರೆದು ಹಾಕು ಅಂತ ಅರ್ಥ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಮೇಡಂ, ನಿನ್ನೆ ಲೈನ್ ಅಂದ್ರ ಗೆರಿ ಅಂದ್ರಿ. ಇವತ್ತ ಪತ್ರ ಅಂತೀರಿ. ಒಂದ ಶಬ್ದಕ್ಕ ಇಷ್ಟ ಅರ್ಥ ಯಾಕ್ರೀ?"

ಒಳ್ಳೆಯ ಪ್ರಶ್ನೆ. ಡಿಕ್ಷನರಿ ತೆಗೆದು ಓದಿ ಹೇಳಬಹುದಿತ್ತು. ಆದರೆ ಡಿಕ್ಷನರಿ 'ಏನು' ಅನ್ನುವುದನ್ನು ಹೇಳುತ್ತದೆ, ಅವನು ಕೇಳಿದ್ದು 'ಯಾಕೆ' ಅಂತ. ಒಂದು ವಾರ ಟೈಮ್ ಕೊಡು ಅಂದೆ. ಅಷ್ಟರಲ್ಲಿ ನೀವೂ ಒಂದು ಕೆಲಸ ಮಾಡಿ, ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರು ಯಾರು ಲೈನ್ ಅನ್ನುತ್ತಾರೋ ಎಲ್ಲಾ ಬರೆದುಕೊಂಡು ಬನ್ನಿ ಅಂದೆ.

ಅವರು ತಂದದ್ದು ನೋಡಿ ನನಗೆ ಬಹಳ ಸಂತೋಷವಾಯಿತು. ಮೂವತ್ತೊಂದು ಮಕ್ಕಳು, ಬೋರ್ಡ್ ತುಂಬಿ ಹೋಯಿತು.

ರೇಷನ್ ಅಂಗಡಿ ಮುಂದೆ ಲೈನ್ ಹಚ್ಚೋದು. ನಮ್ಮಲ್ಲಿ ಅದಕ್ಕೆ ಪಾಳಿ ಅಂತಲೂ ಅನ್ನುತ್ತಾರೆ. ಫೋನಿನಲ್ಲಿ 'ಲೈನ್ ಮ್ಯಾಲೆ ಇರ್ರೀ'. 'ಈಗ ಹುಡುಗ ಲೈನಿಗೆ ಬಂದಾನ', ಅಂದರೆ ದಾರಿಗೆ ಬಂದಿದ್ದಾನೆ. 'ನಿಮ್ಮದು ಯಾವ ಲೈನ್ ರೀ?', ಅಂದರೆ ಏನು ಕೆಲಸ. ಆನ್‌ಲೈನ್ ಅರ್ಜಿ. ಕಬಡ್ಡಿ ಆಡುವ ಹುಡುಗಿಯರು ಬೋನಸ್ ಲೈನ್ ಬರೆದು, ಅದು ಎಲ್ಲಿರುತ್ತದೆ ಅಂತ ಚಿತ್ರ ಬರೆದು ತಂದಿದ್ದರು. ಹೆಣ್ಣುಮಕ್ಕಳ ಅಂಕಣದಲ್ಲಿ ನಡುವಿನ ಗೆರೆಯಿಂದ ಬಾಕ್ ಲೈನಿಗೆ 3 ಮೀಟರ್, ಅಲ್ಲಿಂದ ಬೋನಸ್ ಲೈನಿಗೆ ಇನ್ನೊಂದು ಮೀಟರ್. ಒಬ್ಬಳ ಸೋದರಮಾವ ಮಿಲಿಟರಿಯಲ್ಲಿದ್ದಾನೆ. ಅವಳು ಎಲ್‌ಒಸಿ ಅಂತ ಬರೆದಿದ್ದಳು, ಕಾಶ್ಮೀರದಲ್ಲಿ ಭಾರತ, ಪಾಕಿಸ್ತಾನದ ನಡುವಿನ ನಿಯಂತ್ರಣ ರೇಖೆ. ಅದರಲ್ಲಿ ಎಲ್ ಅಂದರೆ ಲೈನ್ ಅಂತ ಬೇರೆಯವರಿಗೆ ತಾನೇ ಹೇಳಿಕೊಟ್ಟಳು. ಹುಡುಗಿಗೆ ಲೈನ್ ಹೊಡೆಯೋದು ಅಂತ ಒಬ್ಬ ಬರೆದಾಗ ಎಲ್ಲರೂ ಬಾಯಿ ಮುಚ್ಚಿಕೊಂಡು ನಕ್ಕರು. ಅದನ್ನೂ ಬೋರ್ಡಿಗೆ ಏರಿಸಿದೆ. ಜನ ಆಡುವ ಮಾತು ಅಂದಮೇಲೆ ಅದಕ್ಕೂ ಜಾಗ ಇರಬೇಕು.

ಇನ್ನೊಬ್ಬಳ ಮಾತು ಬಹಳ ದಿನ ನನ್ನ ತಲೆಯಲ್ಲಿ ಉಳಿಯಿತು. ಅವಳ ಚಿಗವ್ವ, ಕಾಕಾ ಚಿಕ್ಕಮಗಳೂರು ಕಡೆ ಕಾಫಿ ತೋಟಕ್ಕೆ ದುಡಿಯಲು ಹೋಗಿದ್ದಾರೆ. ನಮ್ಮ ಕಡೆಯಿಂದ ಹಾಗೆ ಹೋಗುವವರು ಬಹಳ. ಅವರು ಇರುವುದು 'ಲೈನ್ ಮನೆ'ಯಲ್ಲಿ. ಒಂದೇ ಉದ್ದ ಸೂರು, ಒಂದೇ ಗೋಡೆ ಹಂಚಿಕೊಂಡ ಕೋಣೆಗಳ ಸಾಲು. ತೋಟದ ಸಾಹುಕಾರರು ಕಟ್ಟಿಸಿಕೊಟ್ಟದ್ದು. ಕೊಡಗು, ಚಿಕ್ಕಮಗಳೂರಿನಲ್ಲಿ ಲೈನ್ ಮನೆ ಅಂದರೆ ಯಾರಿಗೂ ಅರ್ಥ ಹೇಳಬೇಕಾಗಿಲ್ಲ. ಸಾಹೇಬರ ಕಾಲದಲ್ಲಿ ಸಿಪಾಯಿಗಳಿಗೆ ಹೀಗೇ ಸಾಲಾಗಿ ಮನೆ ಕಟ್ಟುತ್ತಿದ್ದರು, ಅದಕ್ಕೂ ಲೈನ್ಸ್ ಅನ್ನುತ್ತಿದ್ದರು. ಪೊಲೀಸ್ ಲೈನ್ ಅನ್ನುವ ಮಾತು ಇವತ್ತಿಗೂ ಇದೆ. ಹುಡುಗಿ ಬರೆದದ್ದು ಇಷ್ಟೇ: "ನಮ್ಮ ಚಿಗವ್ವ ಲೈನಿನ್ಯಾಗ ಇರ್ತಾಳ." ಓದಿದ ಕೂಡಲೇ ನನಗೆ ಅವ್ವನ ಮಾತು ನೆನಪಾಯಿತು. ಈ ಮಗುವಿಗೂ ಲೈನ್ ಅಂದರೆ ತನ್ನವರು ಇರುವ ಒಂದು ಜಾಗ.

ಟೇಲರ್ ಮಗಳು ಎರಡು ತಂದಿದ್ದಳು. ಒಂದು, ಬ್ಲೌಸಿಗೆ ಹಾಕುವ ಲೈನಿಂಗ್. ಇನ್ನೊಂದು, ಒಂದು ಮುಷ್ಟಿ ಗುಂಡಿ. ಗುಂಡಿಯ ಅಳತೆಯನ್ನು ಲೈನಿನಲ್ಲಿ ಹೇಳುತ್ತಾರೆ, ಅದು ನನಗೂ ಮರೆತೇ ಹೋಗಿತ್ತು. ಇಂಚಿಗೆ 40 ಲೈನ್. ಅಂಗಿಯ ಗುಂಡಿ 18 ಲೈನ್ ಅಂದರೆ ಅರ್ಧ ಇಂಚಿಗಿಂತ ಒಂಚೂರು ಸಣ್ಣದು. ಮಕ್ಕಳು ಸ್ಕೇಲ್ ಇಟ್ಟು ಅಳೆದೇ ಅಳೆದರು.

ಲೈನಿಂಗಿನ ಬಟ್ಟೆಯನ್ನು ನಾನು ಕೈಯಲ್ಲಿ ಹಿಡಿದುಕೊಂಡೆ. ನನಗೆ ಬೇಕಿದ್ದ ಬಾಗಿಲು ಅದೇ ಆಗಿತ್ತು.

ಆ ವಾರ ರಾತ್ರಿಯೆಲ್ಲ ಕೂತು ಓದಿದ್ದೆ. ಲೈನ್ ಶಬ್ದದ ಬೇರು ಲ್ಯಾಟಿನ್ ಭಾಷೆಯ ಲೀನಮ್. ಲೀನಮ್ ಅಂದರೆ ಅಗಸೆ ಗಿಡ. ಹೌದು, ನಮ್ಮ ಅಗಸೆ. ರೊಟ್ಟಿ ಜೊತೆ ಹಚ್ಚಿಕೊಂಡು ತಿನ್ನುವ ಅಗಸಿ ಹಿಂಡಿಯ ಅಗಸೆ. ನಮ್ಮಜ್ಜಿ ಜೋಳದ ಹೊಲದಲ್ಲಿ ನಾಲ್ಕು ಸಾಲು ಅಗಸಿ ಹಾಕಿಸುತ್ತಿದ್ದಳು. ನೀಲಿ ಹೂವು, ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಉದುರಿ ಹೋಗುತ್ತಿತ್ತು. ನಾವು ಬೀಜಕ್ಕಾಗಿ, ಎಣ್ಣೆಗಾಗಿ ಬೆಳೆಯುತ್ತೇವೆ. ಯುರೋಪು, ಈಜಿಪ್ಟ್ ಕಡೆ ಸಾವಿರಾರು ವರ್ಷದಿಂದ ಅದರ ಕಾಂಡದಿಂದ ನಾರು ತೆಗೆಯುತ್ತಾರೆ. ನಾವು ಪುಂಡಿ ಕಟ್ಟಿಗೆಯನ್ನು ಹಳ್ಳದಲ್ಲಿ ನೆನೆಹಾಕಿ, ಬಡಿದು ನಾರು ಬಿಡಿಸುತ್ತೇವಲ್ಲ, ಹಾಗೆಯೇ. ಆ ನಾರಿನಿಂದ ನೂಲು, ನೂಲಿನಿಂದ ಬಟ್ಟೆ. ಆ ಬಟ್ಟೆಯೇ ಲಿನೆನ್. ದಪ್ಪ ಅಂಗಿಯ ಒಳಗೆ ಮೆತ್ತಗಿರಲಿ ಅಂತ ಲಿನೆನ್ ಹಚ್ಚಿ ಹೊಲಿಯುತ್ತಿದ್ದರು, ಅದಕ್ಕೆ ಲೈನಿಂಗ್ ಅಂದರು. ಅಗಸೆ ಬೀಜ ಲಿನ್‌ಸೀಡ್. ಅಗಸೆ ಎಣ್ಣೆಯಿಂದ ಮಾಡಿದ ನೆಲಹಾಸು ಲಿನೋಲಿಯಂ. ಗಿಡದ ಶಾಸ್ತ್ರದ ಹೆಸರು ಲೀನಮ್ ಯುಸಿಟಾಟಿಸಿಮಮ್, ಅಂದರೆ 'ತುಂಬಾ ಉಪಯೋಗಕ್ಕೆ ಬರುವ ಅಗಸೆ'.

ಅಗಸೆ ನಾರಿನ ದಾರಕ್ಕೆ ಲ್ಯಾಟಿನ್ನಿನಲ್ಲಿ ಲೀನೆಯಾ ಅನ್ನುತ್ತಿದ್ದರು. ಅದೇ ಮುಂದೆ ಲೈನ್ ಆಯಿತು. ಅಂದರೆ ಲೈನ್ ಮೊದಲು ಗೆರೆ ಆಗಿರಲಿಲ್ಲ. ಅದು ಕೈಯಲ್ಲಿ ಹಿಡಿಯಬಹುದಾದ ದಾರ ಆಗಿತ್ತು.

ಇಷ್ಟು ಹೇಳಿದಾಗ ಪ್ರಶ್ನೆ ಕೇಳಿದ್ದ ಹುಡುಗ ಮತ್ತೆ ಎದ್ದ. "ದಾರ ಹೋಗಿ ಗೆರಿ ಹೆಂಗ ಆತ್ರೀ?"

ಇದಕ್ಕೆ ಉತ್ತರ ಕೊಟ್ಟಿದ್ದು ನಾನಲ್ಲ. ಗೌಂಡಿ ಕೆಲಸದವರ ಮಗನೊಬ್ಬ ಇದ್ದ, ಹೆಚ್ಚು ಮಾತಾಡದ ಹುಡುಗ. ಅವನು ಅಪ್ಪನ ಚೀಲದಿಂದ ದಾರದ ಉಂಡೆ ತಂದಿದ್ದ, ಯಾಕೆಂದರೆ ಅವನ ಮನೆಯಲ್ಲಿ ಅದಕ್ಕೇ ಲೈನ್ ಅನ್ನುತ್ತಾರೆ. 'ಲೈನ್ ಕಟ್ಟು', 'ಲೈನಿಗೆ ಇಟ್ಟಂಗಿ ಇಡು'. ಆ ದಾರವನ್ನು ಅವನು ನೀಲಿ ಪುಡಿಯಲ್ಲಿ ಹೊರಳಿಸಿದ. ಒಂದು ತುದಿ ಗೆಳೆಯನ ಕೈಗೆ ಕೊಟ್ಟ. ತರಗತಿಯ ನೆಲದ ಮೇಲೆ ಬಿಗಿಯಾಗಿ ಎಳೆದು ಹಿಡಿದ. ನಡುವೆ ಎರಡು ಬೆರಳಿನಿಂದ ದಾರ ಎತ್ತಿ, ಬಿಟ್ಟ. ಟಪ್ ಅಂತ ಸದ್ದು. ದಾರ ತೆಗೆದರೆ ನೆಲದ ಮೇಲೆ ಒಂದು ನೇರ ನೀಲಿ ಗೆರೆ.

ತರಗತಿ ಒಂದು ಕ್ಷಣ ಸುಮ್ಮನಾಯಿತು. ದಾರ ಗೆರೆ ಆಗುವುದನ್ನು ನಾವು ಮೂವತ್ತೆರಡು ಜನ ಕಣ್ಣಾರೆ ನೋಡಿದ್ದೆವು. ರೋಮಿನ ಬಡಗಿ, ಗೌಂಡಿಗಳೂ ಹೀಗೇ ದಾರ ಎಳೆದು ನೇರ ನೋಡುತ್ತಿದ್ದರು. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಸೀಸದ ಗುಂಡು ಕಟ್ಟಿ ದಾರ ಇಳಿಬಿಡುತ್ತಿದ್ದರು. ದಾರ ಎಳೆದರೆ ನೇರ. ನೇರ ಇದ್ದದ್ದಕ್ಕೆಲ್ಲ ದಾರದ ಹೆಸರು. ಸಾಲಾಗಿ ನಿಂತ ಜನ, ಸಾಲಾಗಿ ಕಟ್ಟಿದ ಮನೆ, ಸಾಲಾಗಿ ಬರೆದ ಅಕ್ಷರ, ಎಲ್ಲಾ ಲೈನ್. ಆಮೇಲೆ ದಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ, ಅದಕ್ಕೆ ರೈಲಿನ ಹಳಿ, ಫೋನಿನ ತಂತಿ, ಕೊಳವೆಯ ಪೈಪ್‌ಲೈನ್, ವಿಮಾನದ ಏರ್‌ಲೈನ್. ಅಪ್ಪ, ಅಜ್ಜ, ಮುತ್ತಜ್ಜ ಅಂತ ಹಿಂದಕ್ಕೆ ಎಳೆಯುತ್ತ ಹೋದರೆ ಲೀನಿಯೇಜ್.

ಅಂದಹಾಗೆ, ಬ್ರಿಟನ್ನಿನವರು ಪಾಳಿಗೆ ಕ್ಯೂ ಅನ್ನುತ್ತಾರೆ, ಅಮೆರಿಕದವರು ಲೈನ್ ಅನ್ನುತ್ತಾರೆ. ಕ್ಯೂ ಅನ್ನುವುದು ಫ್ರೆಂಚ್ ಶಬ್ದ, ಬಾಲ ಅಂತ ಅರ್ಥ. ನಮ್ಮ ಮಕ್ಕಳು ಬಾಲಕ್ಕಿಂತ ದಾರವೇ ಚೆನ್ನ ಅಂತ ತೀರ್ಮಾನ ಮಾಡಿದರು.

ಮರುದಿನ ಬೆಳಿಗ್ಗೆ ಮನೆ ಮುಂದೆ ರಂಗೋಲಿ ಹಾಕುವಾಗ ನನ್ನ ಕೈ ಅಲ್ಲೇ ನಿಂತಿತು. ರಂಗೋಲಿಯ ಗೆರೆಗೆ ನಾವು ಏನನ್ನುತ್ತೇವೆ? ಎಳೆ. ಎರಡೆಳೆ ರಂಗೋಲಿ, ಮೂರೆಳೆ ರಂಗೋಲಿ. ಎಳೆ ಅಂದರೆ ದಾರವೂ ಹೌದು. ಹಿಟ್ಟಿನಲ್ಲಿ ಬರೆದ ಗೆರೆಗೆ ನಮ್ಮ ಅವ್ವಂದಿರೂ ದಾರದ ಹೆಸರೇ ಇಟ್ಟಿದ್ದಾರೆ! ಲ್ಯಾಟಿನ್ ಗೊತ್ತಿಲ್ಲದೆ, ರೋಮ್ ನೋಡದೆ. ಎರಡೆಳೆ ಸರ, ಮೂರೆಳೆ ಜನಿವಾರ, ಕಥೆಯ ಎಳೆ. ಗೆರೆ 'ಎಳೆ'ಯುತ್ತೇವೆ, ಹಗ್ಗವನ್ನೂ ಎಳೆಯುತ್ತೇವೆ. ಇಂಗ್ಲಿಷಿನ ಡ್ರಾ ಕೂಡ ಹಾಗೇ, ಎಳೆಯುವುದೂ ಅದೇ, ಬರೆಯುವುದೂ ಅದೇ.

ಇದನ್ನು ಹೇಳದೆ ನನಗೆ ತಡೆಯಲಾಗಲಿಲ್ಲ, ಮೊದಲ ಪಿರಿಯಡ್ಡಿನಲ್ಲೇ ಹೇಳಿದೆ. ಆಮೇಲೆ ಒಂದೇ ಶಬ್ದಕ್ಕೆ ಬೇರೆ ಬೇರೆ ಅರ್ಥ ಇರುವ ಕನ್ನಡದ ಮಾತುಗಳನ್ನು ಮಕ್ಕಳೇ ಹುಡುಕಲು ಶುರು ಮಾಡಿದರು. ಒಬ್ಬಳು 'ಎಳೆ ಸೌತೆಕಾಯಿ' ಅಂದಳು. ಒಬ್ಬ 'ಅಗಸಿ' ಅಂದ. ನಮ್ಮಲ್ಲಿ ಊರ ಬಾಗಿಲಿಗೂ ಅಗಸಿ ಅನ್ನುತ್ತಾರಲ್ಲ. ಇನ್ನೊಬ್ಬ ರೈತರ ಮನೆಯ ಹುಡುಗ 'ಸಾಲು' ಅಂದ. ಪದ್ಯದ ಸಾಲು, ಕೂರಿಗೆ ಹೊಡೆದ ಸಾಲು. ಆಗ ನಾನು ಇನ್ನೊಂದು ಹೇಳಿದೆ. ಇಂಗ್ಲಿಷಿನಲ್ಲಿ ಪದ್ಯಕ್ಕೆ ವರ್ಸ್ ಅನ್ನುತ್ತಾರೆ. ಅದರ ಲ್ಯಾಟಿನ್ ಮೂಲ ವರ್ಸಸ್ ಅಂದರೆ ತಿರುಗುವುದು, ನೇಗಿಲು ಹೊಲದ ಕೊನೆ ಮುಟ್ಟಿ ತಿರುಗಿ ಬರುವುದು. ಹಾಗೆ ಹೊಡೆದ ಸಾಲಿಗೂ ಅದೇ ಹೆಸರು, ಬರೆದ ಸಾಲಿಗೂ ಅದೇ ಹೆಸರು. ಸಂಸ್ಕೃತದಲ್ಲಿ ಸೂತ್ರ ಅಂದರೆ ದಾರ, ಸೂತ್ರ ಅಂದರೆ ಚುಟುಕಾಗಿ ಹೇಳಿದ ನಿಯಮ. ಹೊಲದಲ್ಲಿ, ಮಗ್ಗದಲ್ಲಿ ದುಡಿದ ಜನ ಬರೆಯಲು ಕಲಿತಾಗ ತಮ್ಮ ಕೈಗೆ ಗೊತ್ತಿದ್ದ ಮಾತುಗಳನ್ನೇ ಪುಸ್ತಕಕ್ಕೆ ಕೊಟ್ಟರು. ನನಗೆ ಇದು ಬಹಳ ದೊಡ್ಡ ವಿಷಯ ಅನ್ನಿಸುತ್ತದೆ. ನಮ್ಮ ಮಕ್ಕಳು ಇಂಗ್ಲಿಷಿಗೆ ಹೆದರುತ್ತಾರೆ. ಅದು ಪೇಟೆಯವರದು, ಸೂಟು ಹಾಕಿದವರದು ಅಂತ ತಿಳಿದಿದ್ದಾರೆ. ಅದರ ಒಂದು ಶಬ್ದದೊಳಗೆ ಅಗಸೆ ಗಿಡ, ಗೌಂಡಿಯ ದಾರ ಇದೆ ಅಂತ ಗೊತ್ತಾದಾಗ ಆ ಗೌಂಡಿಯ ಮಗನ ಮುಖ ನೀವು ನೋಡಬೇಕಿತ್ತು. ಅವತ್ತಿನಿಂದ ಅವನು ಮುಂದಿನ ಬೆಂಚಿಗೆ ಬಂದು ಕೂರುತ್ತಾನೆ.

ಒಂದು ಲೈನ್ ಮಾತ್ರ ನಾನು ಬೋರ್ಡಿನಿಂದ ಬೇಗ ಒರೆಸಿದೆ. ಡೆಡ್‌ಲೈನ್. ನಮ್ಮ ಇಲಾಖೆಯ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೆ ನಾಲ್ಕು ಸಲ ಬರುತ್ತದೆ. ಅದರ ಕಥೆ ಅಮೆರಿಕದ ಅಂತರ್ಯುದ್ಧದ್ದು. 1864ರಲ್ಲಿ ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ ದಕ್ಷಿಣದವರು ಉತ್ತರದ ಸೈನಿಕರನ್ನು ಸೆರೆ ಇಟ್ಟಿದ್ದರು. ಎತ್ತರದ ಮರದ ಬೇಲಿಯ ಒಳಗೆ, ಸ್ವಲ್ಪ ದೂರದಲ್ಲಿ, ಕಂಬಗಳ ಮೇಲೆ ಒಂದು ತೆಳ್ಳಗಿನ ಮರದ ಪಟ್ಟಿ ಹೊಡೆದಿದ್ದರು. ಅದನ್ನು ದಾಟಿದ ಕೈದಿಗೆ ಕಾವಲುಗಾರ ಗುಂಡು ಹೊಡೆಯುತ್ತಿದ್ದ. ಅದಕ್ಕೆ ಡೆಡ್ ಲೈನ್ ಅಂತ ಹೆಸರು. ಅಲ್ಲಿ ಇದ್ದ ಸುಮಾರು 45,000 ಜನರಲ್ಲಿ ಸುಮಾರು 13,000 ಜನ ಸತ್ತರು, ಹೆಚ್ಚಿನವರು ರೋಗದಿಂದ, ಹಸಿವಿನಿಂದ. ಮುಂದೆ ಪತ್ರಿಕೆಯವರು ಸುದ್ದಿ ಕೊಡುವ ಕೊನೆಯ ಹೊತ್ತಿಗೆ ಆ ಮಾತನ್ನು ಹಿಡಿದರು. ಇದು ಗೊತ್ತಾದ ಮೇಲೆ ನಾನು ಮಕ್ಕಳಿಗೆ ಡೆಡ್‌ಲೈನ್ ಅನ್ನುವುದಿಲ್ಲ. ಕೊನೆ ದಿನ ಅನ್ನುತ್ತೇನೆ.

1947ರಲ್ಲಿ ರ‍್ಯಾಡ್‌ಕ್ಲಿಫ್ ಭಾರತ, ಪಾಕಿಸ್ತಾನದ ನಡುವೆ ಎಳೆದ ಗೆರೆಯೂ ಲೈನೇ. ಮೊದಲು ಭಾರತವನ್ನೇ ನೋಡಿರದ ವಕೀಲರು ಐದು ವಾರದಲ್ಲಿ ಮುಗಿಸಿದ ಕೆಲಸ. ಗಡಿ ಎಲ್ಲಿದೆ ಅಂತ ಜನಕ್ಕೆ ತಿಳಿದದ್ದು ಆಗಸ್ಟ್ 17ಕ್ಕೆ, ಸ್ವಾತಂತ್ರ್ಯ ಬಂದು ಎರಡು ದಿನ ಆದ ಮೇಲೆ. ದಾರಕ್ಕೆ ಎರಡು ಗುಣ ಇದೆ. ಎರಡು ತುದಿ ಕೂಡಿಸುತ್ತದೆ. ಎರಡು ಪಕ್ಕ ಬೇರೆ ಮಾಡುತ್ತದೆ. ಬೋರ್ಡಿನ ಮೇಲಿದ್ದ ಲೈನುಗಳನ್ನೆಲ್ಲ ಮಕ್ಕಳು ಎರಡು ಪಾಲು ಮಾಡಿದರು, ಕೂಡಿಸುವುದು ಒಂದು ಕಡೆ, ಬೇರೆ ಮಾಡುವುದು ಇನ್ನೊಂದು ಕಡೆ. ಎಲ್‌ಒಸಿ ಯಾವ ಕಡೆ ಅಂತ ಯಾರೂ ಅನುಮಾನಪಡಲಿಲ್ಲ. ರೇಷನ್ ಅಂಗಡಿಯ ಪಾಳಿಯ ಬಗ್ಗೆ ಅರ್ಧ ಗಂಟೆ ಜಗಳ ಆಯಿತು.

ನಮ್ಮಪ್ಪನ ಲೈನ್ ಎರಡೂ ಕಡೆ ಬರುತ್ತದೆ.

ಅಪ್ಪ ಕೆಲಸಕ್ಕೆ ಸೇರಿದ್ದು 1979ರಲ್ಲಿ. ಬೆಳಿಗ್ಗೆ ಹೊರಡುವಾಗ "ಇವತ್ತ ರ‍್ಯಾಬಿಟ್ ಎಳಿಯೋದೈತಿ" ಅನ್ನುತ್ತಿದ್ದ. ನಾನು ಸಂಜೆ ತನಕ ಮೊಲಕ್ಕಾಗಿ ಕಾಯುತ್ತಿದ್ದೆ. ದೊಡ್ಡವಳಾದ ಮೇಲೆ ಗೊತ್ತಾಯಿತು, ಆ ತಂತಿಗಳಿಗೆ ಪ್ರಾಣಿಗಳ ಹೆಸರು. ಸಣ್ಣ ತಂತಿ ಸ್ಕ್ವಿರೆಲ್, ವೀಸಲ್. ಆಮೇಲೆ ರ‍್ಯಾಬಿಟ್. ಊರಿಂದೂರಿಗೆ ಹೋಗುವ ದೊಡ್ಡ ಟವರಿನ ತಂತಿಗಳು ಪ್ಯಾಂಥರ್, ಜೀಬ್ರಾ, ಮೂಸ್. ರ‍್ಯಾಬಿಟ್ ತಂತಿ ಬಿಚ್ಚಿದರೆ ಒಳಗೆ ಏಳು ಎಳೆ. ಸುತ್ತಲೂ ಆರು ಅಲ್ಯೂಮಿನಿಯಂ, ನಡುವೆ ಒಂದು ಉಕ್ಕು. ಅಲ್ಯೂಮಿನಿಯಂ ಕರೆಂಟ್ ಹೊರುತ್ತದೆ, ಉಕ್ಕು ಭಾರ ಹೊರುತ್ತದೆ. "ನಡುವಿನ ಎಳಿ ಕಾಣಂಗಿಲ್ಲ, ಖರೆ ಅದು ಹರದ್ರ ಎಲ್ಲಾ ಹರೀತು" ಅಂತ ಅಪ್ಪ ಹೇಳುತ್ತಿದ್ದ. ಅವನಿಗೆ ತನ್ನ ಕೆಲಸದ ಬಗ್ಗೆ ಬಹಳ ಅಭಿಮಾನ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಲೈನ್ ಎಳೆದರು, ಆ ಕಾಲಕ್ಕೆ ಲೋಕದ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು ಅಂತ ಅವನು ಬಂದ ನೆಂಟರಿಗೆಲ್ಲ ಹೇಳುತ್ತಿದ್ದ. ಕಂಬ ಹೊತ್ತವರನ್ನು ನೆನೆಸಿಕೊಂಡು ಹೇಳುತ್ತಿದ್ದ.

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಮಾತು ಅಂದರೆ 'ಲೈನ್ ಕ್ಲಿಯರ್'. ರೈಲಿನವರಿಗೂ ಅದು ಗೊತ್ತು. ಮುಂದಿನ ಸ್ಟೇಷನ್ನಿನವರು ಲೈನ್ ಕ್ಲಿಯರ್ ಕೊಡದೆ ಗಾಡಿ ಬಿಡುವಂತಿಲ್ಲ. ಲೈನ್‌ಮನ್‌ಗಳು ಅದನ್ನು ಎಲ್‌ಸಿ ಅನ್ನುತ್ತಾರೆ. ಕಂಬ ಹತ್ತುವ ಮೊದಲು ಸಬ್ ಸ್ಟೇಷನ್ನಿನಿಂದ ಎಲ್‌ಸಿ ತಗೊಳ್ಳಬೇಕು. ಯಾವ ಫೀಡರ್ (ಸಬ್ ಸ್ಟೇಷನ್ನಿನಿಂದ ಹೊರಟ ಲೈನ್), ಯಾವ ಹೊತ್ತು, ಯಾರು ತಗೊಂಡರು, ಎಲ್ಲಾ ಬರೆಯಬೇಕು. ಅಲ್ಲಿ ಲೈನ್ ಬಂದ್ ಮಾಡಿ ನಂಬರ್ ಕೊಡುತ್ತಾರೆ. ಕೆಲಸ ಮುಗಿದ ಮೇಲೆ ಎಲ್ಲರೂ ಕೆಳಗೆ ಇಳಿದರೇ ಅಂತ ಎಣಿಸಿ, ಎಲ್‌ಸಿ ರಿಟರ್ನ್ ಮಾಡಬೇಕು. ಅದು ರಿಟರ್ನ್ ಆಗುವ ತನಕ ಯಾರೂ ಲೈನ್ ಚಾರ್ಜ್ ಮಾಡುವಂತಿಲ್ಲ, ಅಂದರೆ ಕರೆಂಟ್ ಬಿಡುವಂತಿಲ್ಲ. ಮೊಬೈಲ್ ಇಲ್ಲದ ಕಾಲಕ್ಕೆ ಅಪ್ಪ ಸೈಕಲ್ ಮೇಲೆ ಹೋಗಿ ಪುಸ್ತಕದಲ್ಲಿ ಸಹಿ ಹಾಕಿ ಬರುತ್ತಿದ್ದ. ಊರವರು ಬೈಯುತ್ತಿದ್ದರು, ಒಂದು ತಂತಿ ಜೋಡಿಸಲು ಇಷ್ಟು ಹೊತ್ತು ಯಾಕೆ ಅಂತ. ಯಾಕೆ ಅಂತ ಅವ್ವನಿಗೆ ಗೊತ್ತಿತ್ತು.

1994ರ ಮೇ ತಿಂಗಳು. ನಾನು ಎಂಟನೇ ಇಯತ್ತೆ. ಅಪ್ಪ ಎಲ್‌ಸಿ ತಗೊಂಡೇ ಕಂಬ ಹತ್ತಿದ್ದ. ಓಣಿಯಲ್ಲಿ ಒಂದು ಮನೆಯಲ್ಲಿ ಮದುವೆ. ಕರೆಂಟ್ ಇಲ್ಲ ಅಂತ ಅವರು ಜನರೇಟರ್ ಹಚ್ಚಿದರು. ಮನೆಯ ವೈರಿಂಗನ್ನು ಲೈನಿನಿಂದ ಬೇರೆ ಮಾಡದೆ ಹಚ್ಚಿದರು. ಜನರೇಟರಿನ ಕರೆಂಟ್ ಹಿಂದಕ್ಕೆ ಹರಿದು ಕಂಬದ ತಂತಿಗೆ ಬಂತು. ಅಪ್ಪನ ಎಡಗೈ ಹಿಡಿಯಿತು. ಸೊಂಟಕ್ಕೆ ಹಗ್ಗ ಇತ್ತು, ಅದಕ್ಕೆ ಉಳಿದ. ಕೆಳಗಿದ್ದ ಜೊತೆಯವರು ಇಳಿಸಿಕೊಂಡರು. ಲೈಫ್‌ಲೈನ್ ಅನ್ನುವ ಮಾತು ಇವತ್ತು ಎಲ್ಲದಕ್ಕೂ ಬಳಸುತ್ತಾರೆ. ಅದರ ಮೊದಲ ಅರ್ಥ ಜೀವ ಉಳಿಸುವ ಹಗ್ಗ. ಡಿಕ್ಷನರಿಯಲ್ಲಿ ಅದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಹೋಗಿ ಕೂತಿದ್ದೆ.

ಅಂಗೈ ಸುಟ್ಟಿತ್ತು. ಗಾಯ ಮಾಯಲು ಮೂರು ತಿಂಗಳು ಬೇಕಾಯಿತು. ಮಾದ ಮೇಲೆ ನೋಡಿದರೆ ಎಡಗೈಯಲ್ಲಿ ಗೆರೆಗಳೇ ಇರಲಿಲ್ಲ. ನುಣ್ಣಗೆ, ಬೆಳ್ಳಗೆ, ಹೊಳೆಯುವ ಚರ್ಮ. ಅವ್ವ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು "ಇವರ ಗೆರಿ ಲೈನ್ ತಗೊಂತು" ಅಂದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಇಂಗ್ಲಿಷಿನಲ್ಲಿ ಅಂಗೈಯ ಗೆರೆಗೂ ಲೈನ್ ಅನ್ನುತ್ತಾರೆ ಅಂತ ಅವಳಿಗೆ ಗೊತ್ತಿರಲಿಲ್ಲ.

ಅಪ್ಪ ಮತ್ತೆ ಕಂಬ ಹತ್ತಿದ. ಇನ್ನೂ ಹತ್ತೊಂಬತ್ತು ವರ್ಷ ಹತ್ತಿದ.

ಹೋದ ಡಿಸೆಂಬರಿನಲ್ಲಿ ಅವನನ್ನು ನಮ್ಮ ಶಾಲೆಗೆ ಕರೆದುಕೊಂಡು ಹೋದೆ. ಮೊಳದುದ್ದ ರ‍್ಯಾಬಿಟ್ ತಂತಿ ತಂದಿದ್ದ. ಮಕ್ಕಳು ಏಳೂ ಎಳೆ ಬಿಡಿಸಿ, ಮತ್ತೆ ಹೊಸೆಯಲು ನೋಡಿದರು, ಆಗಲಿಲ್ಲ. ಅಪ್ಪ ಬಲಗೈಯಿಂದ ಒಂದೇ ಸಲಕ್ಕೆ ಹೊಸೆದು ತೋರಿಸಿದ. ಜನರೇಟರ್ ಹಚ್ಚುವ ಮೊದಲು ಮೇನ್ ಸ್ವಿಚ್ ಬಂದ್ ಮಾಡಿ ಮನೆಯನ್ನು ಲೈನಿನಿಂದ ಬೇರೆ ಮಾಡಬೇಕು ಅಂತ ಪ್ರತಿಯೊಬ್ಬರ ಬಾಯಲ್ಲೂ ಹೇಳಿಸಿದ. ಗೌಂಡಿಯ ಮಗ ಕೇಳಿದ, "ಅಜ್ಜಾರ, ನಿಮಗ ಅಂಜಿಕಿ ಬರಲಿಲ್ಲೇನ್ರೀ?" ಅಪ್ಪ ಹೇಳಿದ, "ಬರ್ತದಪಾ. ಅಂಜಿಕಿ ಇದ್ದಾವ ಎಲ್‌ಸಿ ತಗೋತಾನ."

ಈಗ ಅಪ್ಪ, ಅವ್ವ ನನ್ನ ಜೊತೆಗೇ ಇದ್ದಾರೆ. ಮೊನ್ನೆ ರಾತ್ರಿ ಜೋರು ಗಾಳಿ ಮಳೆ. ಎಂಟೂವರೆಗೆ ಕರೆಂಟ್ ಹೋಯಿತು. ಅವ್ವ ದೀಪ ಹಚ್ಚಿದಳು. ಅಪ್ಪ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತ. ಒಂಬತ್ತಕ್ಕೆ ಪಕ್ಕದ ಮನೆಯವರು ಫೋನ್ ಹಚ್ಚಿ ಯಾರನ್ನೋ ಬೈಯುತ್ತಿದ್ದರು. ಹತ್ತಾಯಿತು. ಮಲಗು ಅಪ್ಪ ಅಂದೆ.

"ತಡಿ, ಹುಡುಗರು ಇನ್ನೂ ಮ್ಯಾಲೆ ಅದಾರ" ಅಂದ.

ಹತ್ತೂಮುಕ್ಕಾಲಿಗೆ ಬೀದಿದೀಪ ಒಮ್ಮೆ ಮಿಣುಕಿ ನಿಂತಿತು. ಆಮೇಲೆ ಮನೆಯೊಳಗೆ ಫ್ಯಾನ್ ತಿರುಗತೊಡಗಿತು. "ರಿಟರ್ನ್ ಆತು, ಎಲ್ಲಾರೂ ಇಳದ್ರು" ಅಂತ ಅಪ್ಪ ಎದ್ದು ಒಳಗೆ ಬಂದ. ಅವ್ವ ದೀಪ ಶಾಂತ ಮಾಡಿದಳು.